ಸರತಿಯಲ್ಲಿ ನಿಂತವರಿಗೆ ಮಾರ್ಗದರ್ಶನ

ಅವರ ಮೂಗಿನ ಎಡಗಡೆ ಒಂದು ಗೆರೆ ಇತ್ತು. ಕಣ್ಣಿನ ಮೂಲೆಯಿಂದ ಇಳಿದು ತುಟಿಯ ಅಂಚಿಗೆ ಬಂದು ನಿಲ್ಲುತ್ತಿತ್ತು. ವಯಸ್ಸಿನ ಗೆರೆಯಲ್ಲ, ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಮೂಗನ್ನು ಸದಾ ಮೇಲಕ್ಕೆ ಎಳೆದು ಎಳೆದು ಮುಖದ ಮೇಲೆ ಬಿದ್ದುಹೋದ ಮಡಿಕೆ ಅದು. ತರಗತಿಗೆ ಬರುವಾಗ, ಹಾಜರಿ ಕರೆಯುವಾಗ, ಯಾರಾದರೂ ನಮಸ್ಕಾರ ಹೇಳಿದಾಗ ಕೂಡ ಆ ಮುಖ ಒಂದೇ ಥರ ಇರುತ್ತಿತ್ತು. ಎಲ್ಲೋ ಹತ್ತಿರದಲ್ಲಿ ಏನೋ ಕೊಳೆಯುತ್ತಿದೆ, ಅದು ಈ ಮನುಷ್ಯನೇ ಇರಬಹುದೇ ಎಂದು ಪರೀಕ್ಷಿಸುವ ಮುಖ.

ಕೊಳೆಯುತ್ತಿದ್ದದ್ದು ನಿಜ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಲೇಜಿನ ಹೆಸರು ಬರೆಯುವುದಿಲ್ಲ. ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತಿದರೆ ದಾರಿಯಲ್ಲಿ ಎಲ್ಲೋ ಸಿಗುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಟ್ರಸ್ಟಿನ ಕಾಲೇಜು. ಅವರು ನಮಗೆ ಕಾಮರ್ಸ್ ಹೇಳುತ್ತಿದ್ದರು. ವರ್ಷ ವರ್ಷವೂ ಆರ್ಡರ್ ಹೊಸದಾಗಿ ಕೊಡುವ ಕೆಲಸ. ನಾವು ಮೇಡಂ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ. ಅವರ ಊರು ಚಳ್ಳಕೆರೆ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಹಿಂಡಿ ತುಂಬುತ್ತಿದ್ದವರು. "ನಾನು ಹಿಂಡಿ ವಾಸನೇಲಿ ಬೆಳೆದೋಳು. ಯಾವುದು ಒಳ್ಳೇದು, ಯಾವುದು ಮುಗ್ಗಿದ್ದು ಅಂತ ನನ್ ಮೂಗಿಗೆ ಗೊತ್ತಾಗುತ್ತೆ," ಎನ್ನುತ್ತಿದ್ದರು. ಈ ಮಾತು ಅವರು ಒಮ್ಮೆ ಹೇಳಿದ್ದೋ ಹತ್ತು ಸಲ ಹೇಳಿದ್ದೋ ನನಗೆ ನೆನಪಿಲ್ಲ. ತೀರಿಹೋದವರ ಬಗ್ಗೆ ಬರೆಯಲು ಕೂತರೆ ನೆನಪು ಫಿನಾಯಿಲ್ ಡಬ್ಬಿ ಹಿಡಿದುಕೊಂಡೇ ಬರುತ್ತದೆ. ಆದಷ್ಟು ಅದನ್ನು ಹೊರಗೇ ನಿಲ್ಲಿಸುತ್ತೇನೆ.

ಆ ಕಾಲೇಜಿನ ನೆಲಮಹಡಿಯ ಕೊನೆಯಲ್ಲಿ ಯಾರಿಗೂ ಬೇಡವಾದ ಒಂದು ಕೋಣೆ ಇತ್ತು. ಒಂದು ಪಕ್ಕಕ್ಕೆ ಬೀಗ ಹಾಕಿದ ಲೇಡೀಸ್ ಸ್ಟಾಫ್ ಟಾಯ್ಲೆಟ್. ಕಿಟಕಿಯ ಆಚೆ ಗಂಡುಹುಡುಗರ ಮೂತ್ರದ ಗೋಡೆ. ಗಾಳಿ ಬಂದರೆ ಅಲ್ಲಿಂದಲೇ ಬರಬೇಕು. ಒಂದು ದಿನ ಆ ಕೋಣೆಯ ಬಾಗಿಲ ಮೇಲೆ ಬೋರ್ಡು ಬಿತ್ತು: ಉದ್ಯೋಗ ಮಾರ್ಗದರ್ಶನ ಮತ್ತು ಕಲಿಕಾ ಬೆಂಬಲ ಕೇಂದ್ರ. ಕಾಲೇಜಿಗೆ ದರ್ಜೆ ಕೊಡುವ ತಂಡ ಬರುವುದಿತ್ತು. ಅವರಿಗೆ ತೋರಿಸಲು ಇಂಥದ್ದೊಂದು ಇರಬೇಕಿತ್ತು. ಒಳಗೆ ಒಂದು ಮೇಜು, ಮುರಿದ ಕೈಯ ಎರಡು ಕುರ್ಚಿ, ಗೋಡೆಗೆ ಬೆಟ್ಟದ ತುದಿಯಲ್ಲಿ ಎರಡೂ ಕೈ ಎತ್ತಿ ನಿಂತ ಯಾವುದೋ ದೇಶದವನ ಚಿತ್ರ. ಉಸ್ತುವಾರಿ ಮೇಡಂ ತಲೆಗೆ ಬಿತ್ತು. ಇಲ್ಲ ಎನ್ನಲಾಗದವರು ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ.

ಕೇಂದ್ರದ ಮೊದಲ ಕಾರ್ಯಕ್ರಮಕ್ಕೆ ದಾವಣಗೆರೆ ಕಡೆಯಿಂದ ಒಬ್ಬ ಭಾಷಣಕಾರ ಬಂದಿದ್ದ. ಕೋಟು ಹಾಕಿದ್ದ, ನಮ್ಮ ಸೀಮೆಯ ಬಿಸಿಲಲ್ಲಿ. ಕಣ್ಣು ಮುಚ್ಚಿಕೊಳ್ಳಿ ಎಂದ. ನೀವು ಜಿಲ್ಲಾಧಿಕಾರಿ ಆಗಿದ್ದೀರಿ, ಕೆಂಪು ದೀಪದ ಕಾರು ಬಂದಿದೆ, ತಾಯಿ ಆರತಿ ತರುತ್ತಿದ್ದಾಳೆ ಎಂದ. ಕೆಲವು ಹುಡುಗಿಯರು ಅತ್ತರು. ನಾನೂ ಅತ್ತೆ ಎಂದು ಕಾಣುತ್ತದೆ. ಹಿಂದಿನ ಸಾಲಿನಿಂದ ಸ್ಪಷ್ಟವಾಗಿ ಒಂದು "ಥೂ" ಕೇಳಿಸಿತು. ಅವನು ಕೇಳಿಸದವನಂತೆ ಮುಂದುವರಿಸಿದ. ಅಂಥವರಿಗೆ ಅದು ಅಭ್ಯಾಸ ಇರುತ್ತದೆ.

ಅವನು ಶಾಲು ಹೊದ್ದುಕೊಂಡು ಹೋದ ಮೇಲೆ ಮೇಡಂ ಎದ್ದು ಬಂದರು.

"ಕಣ್ ಮುಚ್ಕೊಂಡು ಎಲ್ರೂ ಕಲೆಕ್ಟರ್ ಆದ್ರಾ? ಆಯ್ತು. ಈಗ ಕಣ್ ಬಿಟ್ಟು ಹೇಳ್ರಿ, ಬಸ್ ಪಾಸು ಮಾಡ್ಸಿರೋರು ಎಷ್ಟು ಜನ?"

ಯಾರೂ ಕೈ ಎತ್ತಲಿಲ್ಲ.

"ನಡ್ಕೊಂಡೇ ಹೋಗ್ರಿ ಹಂಗಾರೆ, ಕಲೆಕ್ಟರ್ ಮೇಡಂಗಳು."

ನಾನು ಮೊಳಕಾಲ್ಮೂರಿನಿಂದ ಬರುತ್ತಿದ್ದೆ. ನಮ್ಮದು ಮಗ್ಗದ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಕುಣಿಮಗ್ಗ, ಅದರ ಪಕ್ಕ ರೇಷ್ಮೆ ಸುತ್ತುವ ಅವ್ವನ ರಾಟೆ. ನನ್ನ ಗೆಳತಿ ವರವು ಕಾವಲು ಎಂಬ ಹುಲ್ಲುಗಾವಲಿನ ಕಡೆಯ ಒಂದು ಹಟ್ಟಿಯವಳು. ಕುರಿ ಕಾಯುವ ಮನೆ. ನಾವಿಬ್ಬರೂ ಬೆಂಚಿನ ಒಂದೇ ತುದಿಗೆ ಕೂರುತ್ತಿದ್ದೆವು. ಮೂರನೇ ವರ್ಷದ ಮೊದಲಲ್ಲಿ ಮೇಡಂ ನಮಗೆ ಸಂದರ್ಶನದ ಅಭ್ಯಾಸ ಮಾಡಿಸಿದರು. ಹುಡುಗಿಯರಿಗೇ ಬೇರೆ ದಿನ, ಆ ಕೋಣೆಯಲ್ಲೇ. ಅವರು ಸೆರಗನ್ನು ಮೂಗಿಗೆ ಹಿಡಿದು ಮೇಜಿನ ಆಚೆ ಕೂತರು.

"ನಿನ್ನಲ್ಲಿರೋ ಶಕ್ತಿ ಏನು?"

ಈ ಪ್ರಶ್ನೆಗೆ ಕೊಟ್ಟ ಉತ್ತರ ನನ್ನದು ಎಂದು ನಾನು ನಂಬಿದ್ದೇನೆ. ಗೆಳತಿ ತನ್ನದು ಎನ್ನುತ್ತಾಳೆ. ಈಗಲೂ ಫೋನಿನಲ್ಲಿ ಜಗಳ ಆಡುತ್ತೇವೆ. ಯಾರದಾದರೂ ಆಗಲಿ, ಉತ್ತರ ಇದು:

"ಬೆಳಿಗ್ಗೆ ಮನೆ ಬಿಟ್ರೆ ವಾಪಸ್ ಹೋಗೋವರ್ಗೂ ಒಂದಕ್ಕೆ ಹೋಗಲ್ಲ ಮೇಡಂ. ಬಸ್ ಎಷ್ಟೇ ಲೇಟಾದ್ರೂ ತಡ್ಕೊಂತೀನಿ."

ಯಾರೂ ನಗಲಿಲ್ಲ. ಸುತ್ತ ನಿಂತಿದ್ದ ಹುಡುಗಿಯರು ತಲೆಯಾಡಿಸಿದರು. ಅದು ಸುಮ್ಮನೆ ಬರುವ ವಿದ್ಯೆಯಲ್ಲ. ಮೊದಲ ವರ್ಷ ಸೀನಿಯರ್‌ಗಳು ನಮಗೆ ಹೇಳಿಕೊಟ್ಟಿದ್ದರು. ಬೆಳಿಗ್ಗೆ ಚಹಾ ಕುಡಿಯಬಾರದು. ಬುತ್ತಿಗೆ ಮಜ್ಜಿಗೆ ಬೇಡ. ಒಣ ರೊಟ್ಟಿ, ಶೇಂಗಾ ಚಟ್ನಿಪುಡಿ. ಬಾಯಾರಿದರೆ ನಾಲಿಗೆಯ ಕೆಳಗೆ ಹುಣಸೆಹಣ್ಣಿನ ಚೂರು. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ. ಇದರಲ್ಲಿ ಚೆನ್ನಾಗಿ ಪಳಗಿದವಳನ್ನು ನಾವು ಮೆಚ್ಚುತ್ತಿದ್ದೆವು.

ಮೇಡಂ ಸೆರಗು ಕೆಳಗಿಳಿಸಿದರು. "ಏನಂದೆ? ಇನ್ನೊಂದ್ಸಲ ಹೇಳು."

ಹೇಳಿದ್ದಾಯಿತು.

"ಎಲ್ರೂನಾ?"

"ಹೂಂ ಮೇಡಂ, ಎಲ್ರೂ."

ಗೆಳತಿ ಹೇಳಿದಳು, ಇದು ಖಂಡಿತ ಅವಳೇ: "ಕುರಿ ಹಿಂದೆ ಹೋದ್ರೆ ಬಯಲೆಲ್ಲ ನಮ್ದೇ ಇತ್ತು ಮೇಡಂ. ಈಗ ಕಾವಲಿಗೂ ಗೋಡೆ ಹಾಕ್ಯಾರೆ. ಕಾಲೇಜಿಗೆ ಬಂದ್ರೆ ಇಲ್ಲೂ ಗೋಡೆನೇ."

"ಹುಡ್ಗೀರ ಟಾಯ್ಲೆಟ್ ಇಲ್ವೇನೇ ಹಿಂದ್ಗಡೆ?"

ಒಬ್ಬಳು ಹಿಂದುಗಡೆಗೆ ಕೈ ತೋರಿಸಿದಳು. ಅವರು ಎದ್ದು ನಡೆದರು. ಕಾಂಪೌಂಡಿನ ಮೂಲೆಗೆ ಹೋಗುವವರೆಗೂ ನಾವು ಹಿಂದೆ ಹೋದೆವು, ಆಮೇಲೆ ನಿಂತೆವು. ಒಳಗೆ ಏನಿತ್ತು ಎಂದು ಬರೆಯುವುದಿಲ್ಲ ಎಂದುಕೊಂಡಿದ್ದೆ. ಬರೆಯಬೇಕು. ಬಾಗಿಲಿಗೆ ಚಿಲಕ ಇರಲಿಲ್ಲ. ಒಂದು ಗುಂಡಿಯ ತುಂಬ ಮುರಿದ ಬೆಂಚಿನ ಹಲಗೆಗಳು. ಇನ್ನೊಂದು ತುಂಬಿ ಹೊರಗೆ ಹರಿದು, ಒಣಗಿ, ಅದರ ಮೇಲೆ ಮತ್ತೆ ಹರಿದಿತ್ತು. ಹುಳು ಗೋಡೆ ಹತ್ತಿದ್ದವು. ಹಂದಿಗಳು ಬರುವ ಹಿಂದಿನ ತೂತು ದೊಡ್ಡದಾಗಿ, ಅದರಾಚೆ ಹುಡುಗರು ಆಡುವ ಬಯಲು ಕಾಣುತ್ತಿತ್ತು. ಮೇಡಂ ಹೊರಗೆ ಬಂದು ಜಾಲಿ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು ನಮ್ಮನ್ನು ನೋಡಿದರು. ಕನಿಕರ ಇರಲಿಲ್ಲ ಆ ನೋಟದಲ್ಲಿ.

"ಎರಡು ವರ್ಷ ಬಾಯಿ ಮುಚ್ಕೊಂಡಿದ್ರಲ್ಲೇ! ಥೂ ನಿಮ್ಮ. ಕಾಮರ್ಸ್ ಓದ್ತಾರಂತೆ, ಕಾಮರ್ಸು."

ನನಗೆ ಆಗಲೇ ಎರಡು ಸಲ ಉರಿಮೂತ್ರವಾಗಿ ಚಳಿಜ್ವರ ಬಂದಿತ್ತು. ಎರಡನೆಯ ಸಲ ಮೊಳಕಾಲ್ಮೂರಿನ ಡಾಕ್ಟರು ಅವ್ವನಿಗೆ ಬೈದು ಕಳಿಸಿದ್ದರು. ಅವ್ವ ಮನೆಗೆ ಬಂದು ತೀರ್ಮಾನ ಹೇಳಿದ್ದಳು: "ಇನ್ನೊಂದ್ ಕಿತಾ ಹಿಂಗಾದ್ರೆ ಕಾಲೇಜು ಸಾಕು. ಮಗ್ಗ ಐತೆ, ಮನೇಲಿ ಕೂತ್ಕಂಡು ನೇಯಿ. ಬಚ್ಚಲು ಹಿಂದೇನೇ ಐತೆ." ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಡಿಗ್ರಿ ನಿಂತಿದ್ದದ್ದು ಇನ್ನೊಂದು ಜ್ವರದ ಮೇಲೆ.

ಇನ್ನೊಂದು ವಿಷಯ. ಕಾಲೇಜಿನಲ್ಲಿ ಬೆಂಬಲ ಎಂದು ಏನೇನಿತ್ತೋ ಎಲ್ಲ ಮಧ್ಯಾಹ್ನ ಎರಡರ ಮೇಲೆ. ಕಂಪ್ಯೂಟರ್ ಲ್ಯಾಬು, ಬ್ಯಾಂಕ್ ಪರೀಕ್ಷೆಯ ತರಗತಿ, ಲೈಬ್ರರಿಯಲ್ಲಿ ಪುಸ್ತಕ ಕೊಡುವುದು. ಎರಡಕ್ಕೆ ನಾವು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆವು. ಅಷ್ಟರ ಮೇಲೆ ಮೈ ಕೇಳುತ್ತಿರಲಿಲ್ಲ. "ಹುಡ್ಗೀರಿಗೆ ಕರಿಯರ್‌ನಲ್ಲಿ ಆಸಕ್ತಿ ಕಡಿಮೆ," ಎಂದು ಸ್ಟಾಫ್ ಮೀಟಿಂಗಿನಲ್ಲಿ ಹೇಳುತ್ತಿದ್ದರಂತೆ.

ಮೇಡಂ ಪ್ರಿನ್ಸಿಪಾಲರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನಾವು ಹೊರಗಿದ್ದೆವು.

"ಅದು ಕಟ್ಟಡದ ವಿಷಯ ಮೇಡಂ. ಸೆಕ್ರೆಟರಿ ಸಾಹೇಬ್ರು ನೋಡ್ಕೊಂತಾರೆ. ನಿಮ್ ಸೆಂಟರ್‌ಗೂ ಇದಕ್ಕೂ ಏನು ಸಂಬಂಧ?"

"ನಿಮ್ ಕೋಣೇಲಿ ಅಟ್ಯಾಚ್ಡ್ ಐತಲ್ಲ ಸರ್, ಅದಕ್ಕೆ ಬೀಗ ಹಾಕಿ ಕೀ ನನಗೆ ಕೊಡ್ರಿ. ಸಂಜೆ ಹೊತ್ತಿಗೆ ಸಂಬಂಧ ನಿಮಗೇ ಹೊಳೆಯುತ್ತೆ."

ಅಲ್ಲಿಂದ ಆಫೀಸಿಗೆ ಬಂದು, ಮೊಳೆಗೆ ತೂಗಿದ್ದ ಲೇಡೀಸ್ ಸ್ಟಾಫ್ ಟಾಯ್ಲೆಟ್ಟಿನ ಕೀ ತೆಗೆದುಕೊಂಡರು. ಸೂಪರಿಂಟೆಂಡೆಂಟು ಕುರ್ಚಿಯಿಂದ ಅರ್ಧ ಎದ್ದ. "ಅದು ಮೇಡಂಗಳಿಗೆ ಮಾತ್ರ ಅಂತ ಐತೆ, ಮೇಡಂ."

"ಇವರೆಲ್ಲ ಮುಂದೆ ಮೇಡಂಗಳಾಗೋರೇ ಅಲ್ವೇನ್ರಿ? ಅಡ್ವಾನ್ಸ್ ಅಂತ ತಿಳ್ಕಳ್ರಿ."

ಅವತ್ತಿನಿಂದ ಕೇಂದ್ರದ ಮುಂದೆ ಸಾಲು ಹತ್ತಿತು. ನೀರು ಮಾತ್ರ ತೊಟ್ಟಿಯಿಂದ ಬಕೆಟ್ಟಿನಲ್ಲಿ ಹೊರಬೇಕು. ಮೇಡಂ ತಮ್ಮ ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿಕೊಂಡು ಕೂತರು. ಒಬ್ಬಳು ಒಳಗೆ ಹೋದರೆ ಮುಂದಿನವಳು ಅವರ ಎದುರಿಗೆ ಬಂದು ನಿಲ್ಲಬೇಕಿತ್ತು, ತಪ್ಪಿಸಿಕೊಳ್ಳಲು ಜಾಗವಿಲ್ಲದೆ.

"ಸುಮ್ನೆ ಯಾಕೆ ನಿಲ್ತೀಯ? ಹೇಳು. ಬಿ.ಕಾಂ. ಆದ್ಮೇಲೆ ಏನು?"

"ಮದ್ವೆ ಮೇಡಂ."

"ಅದು ಕೋರ್ಸಲ್ಲ. ಮುಂದೆ?"

"ಬಿ.ಎಡ್. ಮೇಡಂ."

"ಯಾಕೆ?"

"ಎಲ್ರೂ ಮಾಡ್ತಾರೆ."

"ಮಾಡಿದೋರೆಲ್ಲ ಎಲ್ಲಿ ಕೂತವ್ರೆ ನೋಡ್ಕೊಂಡ್ ಬಾ, ಆಮೇಲೆ ಹೇಳು. ಮುಂದೆ! ನೀನ್ಯಾಕೆ ಕಾಲ್ ಕುಣಿಸ್ತಿದೀಯ? ಅರ್ಜೆಂಟಾ? ಹೋಗು ಹೋಗು, ಬಂದ್ಮೇಲೆ ಕೇಳ್ತೀನಿ."

ಸಮಾಧಾನದ ಒಂದು ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಆದರೆ ಒಬ್ಬಳಿಗೆ ಹೇಳಿದ್ದು ಇನ್ನೊಬ್ಬಳಿಗೆ ಹೇಳುತ್ತಿರಲಿಲ್ಲ. ಗೆಳತಿಗೆ ಪಶುಸಂಗೋಪನೆಯ ಡಿಪ್ಲೊಮಾ ಇದೆ ಎಂದು ಹೇಳಿದ್ದು ಆ ಸಾಲಿನಲ್ಲಿ. "ಕುರಿ ವಿಷ್ಯ ಹೇಳೋಕೆ ನಾಚ್ಕೋತೀಯ. ಅದನ್ನೇ ಓದಿ ಸಂಬಳ ತಗೊಳೋರು ಅವ್ರೆ ಕಣೇ." ನನಗೆ ಹೇಳಿದ್ದು ಹೊಗಳಿಕೆಯಂತೂ ಅಲ್ಲ: "ನಿಂಗೆ ಯಾರ ಮೇಲೂ ನಂಬಿಕೆ ಇಲ್ಲ. ಲೆಕ್ಕ ತಪ್ಪಿದ್ರೆ ಮೈ ಉರ್ಕೊಂತೀಯ. ಆಡಿಟ್ ಕೆಲಸಕ್ಕೆ ಹೋಗು. ಬೇರೆ ಎಲ್ಲಿ ಹೋದ್ರೂ ಒದ್ದು ಓಡಿಸ್ತಾರೆ."

ಎರಡು ಗಂಟೆಯ ಬಸ್ಸು ಖಾಲಿ ಹೋಗತೊಡಗಿತು. ಲ್ಯಾಬಿನಲ್ಲಿ ಕಂಪ್ಯೂಟರು ಸಾಲದೆ ಹುಡುಗರು ದೂರು ಕೊಟ್ಟರು.

ಪ್ರಿನ್ಸಿಪಾಲರು ಒಂದು ಮಧ್ಯಾಹ್ನ ಬಂದು ಸಾಲನ್ನು ನೋಡಿದರು. ಕೇಂದ್ರದ ಬೋರ್ಡು, ಅದರ ಕೆಳಗೆ ವರಾಂಡದ ಉದ್ದಕ್ಕೂ ಹುಡುಗಿಯರು. ಅವರಿಗೆ ಬಹಳ ಸಂತೋಷವಾಯಿತು. ಫೋಟೋ ತೆಗೆಸಿದರು. ವಾರದೊಳಗೆ ಗೇಟಿನ ಮೇಲೆ ಫ್ಲೆಕ್ಸ್ ಏರಿತು: 'ಉದ್ಯೋಗ ಮಾರ್ಗದರ್ಶನಕ್ಕಾಗಿ ವಿದ್ಯಾರ್ಥಿನಿಯರ ಅಭೂತಪೂರ್ವ ಉತ್ಸಾಹ.' ಮೂರನೆಯವಳಾಗಿ ನಾನಿದ್ದೇನೆ, ತೊಡೆ ಬಿಗಿಹಿಡಿದು, ತುಟಿ ಕಚ್ಚಿಕೊಂಡು. ಫ್ಲೆಕ್ಸಿನಲ್ಲಿ ಅದು ಗುರಿಯ ಬಗ್ಗೆ ಇರುವ ಏಕಾಗ್ರತೆಯಂತೆ ಕಾಣುತ್ತದೆ.

ಸ್ಟಾಫ್ ರೂಮಿನಲ್ಲಿ ಅವರಿಗೆ ಕಕ್ಕಸ್ ಮೇಡಂ ಎಂದು ಹೆಸರಿಟ್ಟರು. ಅವರು ಕೂತ ಕುರ್ಚಿಯನ್ನು ಒಬ್ಬ ಕನ್ನಡ ಮೇಷ್ಟ್ರು ಕರವಸ್ತ್ರದಿಂದ ಒರೆಸಿ ಕೂರುತ್ತಿದ್ದ. ಪುಸ್ತಕಗಳಲ್ಲಿನ ಮನುಷ್ಯಪ್ರೀತಿಯ ಬಗ್ಗೆ ಕಣ್ಣೀರು ಬರುವ ಹಾಗೆ ಪಾಠ ಮಾಡುತ್ತಿದ್ದವನು.

ತೊಳೆಯುವುದು ಯಾರು ಎಂಬ ಪ್ರಶ್ನೆ ಬಂದೇ ಬಂತು. ಕಾಲೇಜಿನ ಕಸ ಗುಡಿಸುತ್ತಿದ್ದವಳು ಸಂಬಳ ಸಿಗದೆ ಬಿಟ್ಟುಹೋಗಿದ್ದಳು. ಮೇಡಂ ಪಾಳಿ ಹಾಕಿದರು. ದಿನಕ್ಕಿಬ್ಬರು ಹುಡುಗಿಯರು, ಶನಿವಾರ ಅವರೇ. ಕೆಲವರು ನಾವು ಮುಟ್ಟುವುದಿಲ್ಲ, ನಮ್ಮ ಜನ ಇಂಥದ್ದನ್ನು ಮುಟ್ಟುವುದಿಲ್ಲ ಎಂದರು. "ಮುಟ್ಬೇಡ್ರಿ. ನಿಮ್ ಜನಕ್ಕೆ ಬರೋದೂ ಇಲ್ಲ ಅಂದ್ರೆ ಸಾಲಿಂದ ಆಚೆ ಹೋಗ್ರಿ," ಎಂದರು. ಯಾರೂ ಆಚೆ ಹೋಗಲಿಲ್ಲ. ಆದರೆ ಸುದ್ದಿ ಊರೂರಿಗೆ ಹೋಯಿತು.

ಒಂದು ಶನಿವಾರ ನನ್ನ ಅವ್ವ ಬಸ್ಸಿಳಿದು ಸೀದಾ ಕಾಲೇಜಿಗೆ ಬಂದಳು. ಅವಳು ಅಲ್ಲಿಗೆ ಬಂದದ್ದು ಅದೊಂದೇ ಸಲ. ದಾರಿಯುದ್ದಕ್ಕೂ ಜಗಳವನ್ನು ತಯಾರು ಮಾಡಿಕೊಂಡು ಬಂದಿದ್ದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಏನ್ರೀ ಮೇಡಂ, ಹುಡ್ಗೀನ ಓದೋಕ್ ಕಳ್ಸಿದ್ವೋ, ಕಕ್ಕಸ್ ಬಳಿಯೋಕ್ ಕಳ್ಸಿದ್ವೋ?"

ಮೇಡಂ ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಪೊರಕೆ ಹಿಡಿದು ಹೊರಗೆ ಬಂದರು. "ಇವತ್ತು ನಿಮ್ ಹುಡ್ಗಿ ಪಾಳಿ ಅಲ್ಲ. ನಂದು."

ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಕಡೆ ಎಲ್ಲರೂ ಕೊನೆಗೆ ಕೇಳುವುದನ್ನೇ ಕೇಳಿದಳು. "ನೀವು ಯಾವ ಜನ?"

"ಅವಸರ ಆದ್ರೆ ಹೋಗ್ಬೇಕಾಗೋ ಜನ. ನಿಮಗೆ ಹಂಗೇನೂ ಆಗಲ್ವಾ? ಅಷ್ಟು ದೂರ ಬಸ್ನಾಗೆ ಬಂದಿದೀರ. ಹೋಗ್ಬನ್ರಿ, ಈಗ ತಾನೆ ತೊಳ್ದಿದೀನಿ. ನೀರೈತೆ."

ಅವ್ವ ನನ್ನ ಕಡೆ ನೋಡಿದಳು. ಆಮೇಲೆ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, "ಬಕೆಟ್ ಇನ್ನೊಂದು ಇಟ್ಕಳ್ರಿ. ಇದು ಸಾಲಲ್ಲ," ಎಂದಳು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದಳು, "ಆ ಯಮ್ಮ ಇರೋವರ್ಗೂ ಓದ್ಕೊ." ಆ ಯಮ್ಮ ಇರುವವರೆಗೆ ಮಾತ್ರ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ದರ್ಜೆ ಕೊಡುವ ತಂಡ ಬರುವ ಹೊತ್ತಿಗೆ ಕಾಲೇಜಿಗೆ ಸುಣ್ಣ ಬಳಿದರು. ಮುಂಭಾಗದಲ್ಲಿ ಟೈಲ್ಸ್ ಹಾಕಿದ ಹೊಸ ಮಹಿಳಾ ವಿಶ್ರಾಂತಿ ಕೊಠಡಿ ಎದ್ದಿತು. ನಲ್ಲಿಗಳು ಹೊಳೆಯುತ್ತಿದ್ದವು, ಗೋಡೆಯೊಳಗೆ ಪೈಪು ಇರಲಿಲ್ಲ. ಬಂದವರು ನಲ್ಲಿ ನೋಡುತ್ತಾರೆ, ತಿರುಗಿಸುವುದಿಲ್ಲ ಎಂಬ ಧೈರ್ಯ. ತಂಡ ಬರುವ ಬೆಳಿಗ್ಗೆ ನಮ್ಮ ಕೀಯನ್ನೂ ಕಿತ್ತುಕೊಂಡರು. ಬಂದವರಲ್ಲಿ ಒಬ್ಬರು ಹೆಂಗಸಿದ್ದರು; ಆ ಟಾಯ್ಲೆಟ್ಟು ಅವರಿಗೆ ಮೀಸಲು. "ಒಂದಿನ ತಡ್ಕೊಳ್ರಮ್ಮ, ಕಾಲೇಜಿನ ಮರ್ಯಾದೆ ಪ್ರಶ್ನೆ," ಎಂದರು ಟ್ರಸ್ಟಿನ ಸೆಕ್ರೆಟರಿ. ಹಾಗೆನ್ನುವಾಗ ಕೈ ಮುಗಿದಿದ್ದರು.

ತಂಡ ನಮ್ಮ ಕೇಂದ್ರಕ್ಕೆ ಬಂತು. ಫ್ಲೆಕ್ಸನ್ನು ಗೇಟಿನಿಂದ ತಂದು ಗೋಡೆಗೆ ಕಟ್ಟಿದ್ದರು. ನಮಗೆ ಉತ್ತರ ಬಾಯಿಪಾಠ ಮಾಡಿಸಿದ್ದರು: ಆತ್ಮವಿಶ್ವಾಸ ಹೆಚ್ಚಾಗಿದೆ. ಆ ಹೆಂಗಸು ಫೋಟೋದಲ್ಲಿ ನನ್ನನ್ನು ಗುರುತಿಸಿ ನನ್ನ ಕಡೆಗೇ ತಿರುಗಿದರು. "ಈ ಕೇಂದ್ರದಿಂದ ನಿನಗೆ ಏನು ಅನುಕೂಲ ಆಯ್ತಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಮೇಡಂ ನನ್ನ ಮುಂದೆ ಬಂದು ನಿಂತರು.

"ಅವಳನ್ನ ಕೇಳ್ಬೇಡಿ ಮೇಡಂ. ಅವಳ ಪರೀಕ್ಷೆ ಇನ್ನೂ ಇವರ ಕೈಲೇ ಐತೆ. ನನ್ನ ಕೇಳಿ. ಆ ಫೋಟೋದಲ್ಲಿರೋರು ನನ್ನ ಉಪದೇಶ ಕೇಳೋಕೆ ನಿಂತೋರಲ್ಲ. ಈ ಪಕ್ಕದ ಬಾಗಿಲಿಗೆ ನಿಂತೋರು. ಇವತ್ತು ಇದಕ್ಕೆ ಬೀಗ. ನೀವು ಬಂದಿದೀರ ಅಂತ."

ಸೆಕ್ರೆಟರಿ ಜೋರಾಗಿ ನಕ್ಕರು. "ನಮ್ ಮೇಡಂ ಬಹಳ ತಮಾಷೆ ಮನುಷ್ಯರು ಸರ್!" ತಂಡದ ಗಂಡಸರೂ ನಕ್ಕರು. ನಗುನಗುತ್ತಲೇ ಊಟದ ಕಡೆ ನಡೆದರು. ಹೋಳಿಗೆ ಮಾಡಿಸಿದ್ದರು. ಆ ಹೆಂಗಸು ಮಾತ್ರ ಒಂದು ಹೆಜ್ಜೆ ಹಿಂದುಳಿದು, ಮೇಡಂ ತೋಳು ಮುಟ್ಟಿ, ತಗ್ಗಿದ ದನಿಯಲ್ಲಿ, "ನಮ್ಮಲ್ಲೂ ಹೀಗೇ ಇದೆ," ಎಂದರು. ಹೇಳಿ, ಊಟಕ್ಕೆ ಹೋದರು.

ನಕ್ಕವರನ್ನು ನಾನು ಮರೆತಿದ್ದೇನೆ. ಆ ತೋಳು ಮುಟ್ಟಿದ ಕೈಯನ್ನು ಮರೆತಿಲ್ಲ. ಗೊತ್ತಿದ್ದೂ ಹೋಳಿಗೆಗೆ ಹೋದ ಕೈ.

ಕಾಲೇಜಿಗೆ ಒಳ್ಳೆಯ ದರ್ಜೆ ಬಂತು. ನಮ್ಮ ಸಾಲಿನ ಫೋಟೋ ವರದಿಯಲ್ಲಿ ಅಚ್ಚಾಯಿತು, ಇತರರು ಅನುಸರಿಸಬೇಕಾದ ಕ್ರಮ ಎಂದು. ಮೇಡಂಗೆ ನಾಳೆಯಿಂದ ಬರಬೇಕಾಗಿಲ್ಲ ಎಂದು ಹೇಳಿದರು. ಪಕ್ಕದ ಬಾಗಿಲಿಗೆ ಹೊಸ ಬೀಗ ಬಿತ್ತು. ನಮಗೆ ಕೊನೆಯ ಸೆಮಿಸ್ಟರಿನ ಪಾಠ, ಪರೀಕ್ಷೆ ಎರಡೂ ಬಾಕಿ. ನಾನು ಮತ್ತೆ ಹುಣಸೆಹಣ್ಣು ಕಟ್ಟಿಕೊಂಡು ಬರತೊಡಗಿದೆ. ಎರಡನೇ ವಾರ ಮತ್ತೆ ಉರಿ ಹತ್ತಿತು. ಮನೆಯಲ್ಲಿ ಹೇಳಲಿಲ್ಲ. ಗೆಳತಿ ಮೇಡಂಗೆ ಫೋನು ಮಾಡಿದಳು.

ಅವರು ಮರುದಿನ ಬಂದರು. ಗೇಟಿನ ಒಳಗೆ ಬಿಡಲಿಲ್ಲ, ಅವರೂ ಕೇಳಲಿಲ್ಲ. ಗೇಟಿನ ಎದುರು, ರಸ್ತೆಯಾಚೆ ಒಂದು ಸಾಲು ಮನೆಗಳಿವೆ. ಪ್ರತಿ ಮನೆಯ ಪಕ್ಕದಲ್ಲೂ ಸರ್ಕಾರ ಕಟ್ಟಿಸಿಕೊಟ್ಟ ಒಂದೊಂದು ಕಕ್ಕಸು, ನೀಲಿ ತಗಡಿನ ಬಾಗಿಲು. ಒಂದರಲ್ಲೂ ಯಾರೂ ಕೂರುತ್ತಿರಲಿಲ್ಲ. ಒಂದರಲ್ಲಿ ಕೋಳಿ, ಒಂದರಲ್ಲಿ ಸಗಣಿ ಕುಳ್ಳು, ಒಂದರಲ್ಲಿ ಶೇಂಗಾ ಹೊಟ್ಟು. ಮೊದಲ ಮನೆಯ ಅಜ್ಜಿಯದರಲ್ಲಿ ಸೌದೆ.

"ಏಂದಮ್ಮಾ?" ಎಂದಳು ಅಜ್ಜಿ. ಆ ಮನೆಗಳಲ್ಲಿ ತೆಲುಗು.

"ಇದನ್ನ ಈ ಹುಡ್ಗೀರಿಗೆ ಬಿಟ್ಕೊಡವ್ವ."

"ದಾಂಟ್ಲೋ ಕಟ್ಟೆಲುನ್ನಾಯಿ ತಲ್ಲಿ. ಅದ್ರಾಗೆ ಸೌದೆ ಐತೆ, ನೆಂದ್ರೆ ಒಲೆ ಹತ್ತಲ್ಲ."

"ಸೌದೆ ನೆನೀಬಾರ್ದು ಅಂತ ಸರ್ಕಾರದೋರು ಕಟ್ಟಿಸಿಕೊಟ್ರಾ? ನೀನೆಲ್ಲಿಗೆ ಹೋಗ್ತೀಯ?"

"ನಾನಾ? ಬಯಲಿಗೆ. ಮನೆ ಪಕ್ಕದಾಗೆ ಹೇಲ್ತಾರೇನೇ ಯಾರಾರ? ಅಸಹ್ಯ!"

ಮೇಡಂಗೆ ಎದುರಾಳಿ ಸಿಕ್ಕಿದ್ದು ಆವತ್ತೇ ಇರಬೇಕು. ಆಮೇಲೆ ತಾವೇ ತಗಡಿನ ಬಾಗಿಲು ತೆಗೆದು ಸೌದೆ ಎಳೆದು ಹಾಕತೊಡಗಿದರು. ಅಜ್ಜಿ ಬೈಯುತ್ತ ಬಂದು, ಬೈಯುತ್ತಲೇ ಸೌದೆಯನ್ನು ಕಟ್ಟೆಯ ಮೇಲೆ ಒಟ್ಟತೊಡಗಿದಳು. ಅಡಿಯಲ್ಲಿ ಒಂದು ಚೇಳಿತ್ತು. ಮೇಡಂ ಚಪ್ಪಲಿಯಲ್ಲಿ ಹೊಡೆದರು. ಕೊನೆಗೆ ಒಪ್ಪಂದವಾಯಿತು. ಬರುವವಳು ಬೀದಿಯ ನಲ್ಲಿಯಿಂದ ಅಜ್ಜಿಗೆ ಒಂದು ಬಿಂದಿಗೆ ನೀರು ತಂದುಕೊಡಬೇಕು. ತಾನು ಮಾತ್ರ ಅದರೊಳಗೆ ಕಾಲಿಡುವುದಿಲ್ಲ ಎಂದು ಅಜ್ಜಿ ಮೂರು ಸಲ ಹೇಳಿದಳು.

ಚಳ್ಳಕೆರೆ ಬಸ್ಸು ಹತ್ತುವಾಗ ಮೇಡಂ ಮೈಯೆಲ್ಲ ಸೌದೆಯ ಧೂಳು. ನಾನು ಏನೋ ಹೇಳಲು ಹೋದೆ.

"ಥ್ಯಾಂಕ್ಸ್ ಗೀಂಕ್ಸ್ ಅಂದ್ರೆ ಬಿಡ್ತೀನಿ ಕೆನ್ನೆಗೆ. ಡಾಕ್ಟ್ರ ಹತ್ರ ಹೋಗು. ನೀರು ಕುಡಿ. ಪರೀಕ್ಷೆ ಬರಿ."

ಬರೆದೆ. ಈಗ ಬಳ್ಳಾರಿಯಲ್ಲಿ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದೇನೆ. ಗೆಳತಿ ಪಶು ಆಸ್ಪತ್ರೆಯಲ್ಲಿದ್ದಾಳೆ. ಮೇಡಂ ಮತ್ತೆ ಎಲ್ಲೂ ಪಾಠ ಮಾಡಲಿಲ್ಲ. ಚಳ್ಳಕೆರೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಆಗೀಗ ಹೋಗಿ ನೋಡುತ್ತಿದ್ದೆ. ಹಳೆಯದನ್ನು ಎತ್ತಿದರೆ, "ಅದೇನು ದೊಡ್ಡ ವಿಷ್ಯ ಅಂತ ನೆನೆಸ್ಕೊಂತೀಯ, ಹೊಲಸು," ಎಂದು ಮಾತು ಮುರಿಯುತ್ತಿದ್ದರು. ಈ ವರ್ಷ ಬೇಸಿಗೆಯಲ್ಲಿ ಮಂಡಿಯಲ್ಲೇ ಎದೆನೋವು ಬಂದು ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ಮಣ್ಣು ಮಾಡಿದ್ದರು.

ಕಾಲೇಜಿನವರು ಸಂತಾಪ ಸಭೆ ಇಟ್ಟರು. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಸುದ್ದಿ ನೋಡಿ ಹೋದೆ. ಸಭಾಂಗಣ ತುಂಬಿಸಲು ಮೊದಲ ವರ್ಷದ ಹುಡುಗಿಯರನ್ನು ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಮೇಡಂ ಫೋಟೋಗೆ ಹಾರ ಹಾಕಿದ್ದರು. ಅದೇ ಸೆಕ್ರೆಟರಿ, ತಲೆ ಪೂರ್ತಿ ನರೆತಿದೆ, ಮಾತಾಡಿದರು. "ಅವರು ಈ ಸಂಸ್ಥೆಯ ಹೆಮ್ಮೆ. ಸದಾ ಹಸನ್ಮುಖಿ. ಒಂದು ದಿನ ಒಂದು ಕಟುಮಾತು ಆಡಿದವರಲ್ಲ."

ನಾನು ಎದ್ದು ನಿಂತೆ. ಮೈಕು ಕೇಳಲಿಲ್ಲ.

"ಇಲ್ಲ. ಅವರು ನಕ್ಕಿದ್ದು ನಾನು ನೋಡಿಲ್ಲ. ಈ ಕಾಲೇಜು ಕಂಡರೆ ಅವರಿಗೆ ಅಸಹ್ಯ ಆಗುತ್ತಿತ್ತು. ನಿಮ್ಮನ್ನು ಕಂಡರೆ ಆಗುತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದ ನಮ್ಮನ್ನು ಕಂಡರೂ ಆಗುತ್ತಿತ್ತು. ಅದರಿಂದಲೇ ನಾನು ಡಿಗ್ರಿ ಮುಗಿಸಿದ್ದು. ಎದುರು ಮನೆಯ ಅಜ್ಜಿಯ ಕಕ್ಕಸಿಗೆ ಹೋಗಿ ಬಂದು ಪರೀಕ್ಷೆ ಬರೆದೆ. ಆ ಜಾಗ ಮಾಡಿಕೊಟ್ಟವರು ಅವರು, ನೀವು ಕೆಲಸದಿಂದ ತೆಗೆದ ಮೇಲೆ. ಅವರ ಅಸಹ್ಯವನ್ನಾದರೂ ಅವರಿಗೆ ಬಿಟ್ಟುಬಿಡಿ."

"ಮಗಳು ಭಾವುಕಳಾಗಿದ್ದಾಳೆ," ಎಂದರು ಸೆಕ್ರೆಟರಿ ಮೃದುವಾಗಿ. ಒಂದು ನಿಮಿಷ ಮೌನ ಆಚರಿಸಲು ಹೇಳಿದರು. ಎಲ್ಲರೂ ಎದ್ದರು.

ಆಮೇಲೆ ಬಿಸ್ಕತ್ತು, ಕಾಫಿ. ನಾನು ಗೇಟಿನ ಕಡೆ ನಡೆದೆ. ಹಿಂದಿನಿಂದ ಮೊದಲ ವರ್ಷದ ಒಬ್ಬಳು ಬಂದು ನನ್ನ ಪಕ್ಕ ನಿಂತಳು. ಎರಡು ಜಡೆ, ಕೈಯಲ್ಲಿ ಮುಟ್ಟದ ಕಾಫಿ ಲೋಟ.

"ಅಕ್ಕಾ, ನೀವು ಹೇಳಿದ್ರಲ್ಲ, ಆ ಅಜ್ಜಿ ಮನೆ ಯಾವ್ದು?"

"ಅಗೋ, ಮೊದಲ್ನೇದು. ಅಜ್ಜಿ ಹೋದ್ಲು. ಈಗ ಸೊಸೆ ಅವ್ಳೆ."

"ಬಿಡ್ತಾರಾ?"

"ಗೊತ್ತಿಲ್ಲ. ಬಾ, ಕೇಳಾಣ."

ಅವಳು ಲೋಟವನ್ನು ಗೇಟಿನ ಕಂಬದ ಮೇಲೆ ಇಟ್ಟು, ಹಿಂದೆ ತಿರುಗಿ ಕೈ ಬೀಸಿದಳು. ವರಾಂಡದಿಂದ ಇನ್ನೂ ನಾಲ್ಕೈದು ಜನ ಹೊರಟು ಬಂದರು. ನಾವು ರಸ್ತೆ ದಾಟುವಾಗ ಅವರಲ್ಲೊಬ್ಬಳು ಓಡತೊಡಗಿದಳು.